ತಿರುಗಾಮುರುಗಾ ರೆಕ್ಕೆ, ನಿಟ್ಟೂರಿನ ಎರಡು ಎಕರೆ

ಶನಿವಾರ ಬೆಳಗ್ಗೆ ಕುಣಿಗಲ್ ಚಿಕ್ಕಪ್ಪ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಹಾಕಿದರು. ಬಿಳಿ ಜೆಟ್ ವಿಮಾನ. ರೆಕ್ಕೆಗಳು ಹಿಂದಕ್ಕೆ ಬಾಗುವ ಬದಲು ಮೂಗಿನ ಕಡೆಗೆ ಚಾಚಿವೆ. ಜೊತೆಗೆ ಒಕ್ಕಣೆ: "ಗುಬ್ಬಿ ಎಚ್‌ಎಎಲ್‌ನಲ್ಲಿ ರಹಸ್ಯವಾಗಿ ತಯಾರಾದ ವಿಮಾನ. ನಿನ್ನೆ ರಾತ್ರಿ ನಿಟ್ಟೂರಿನ ಮೇಲೆ ಹಾರಿತು. ಟಿವಿಯವರು ತೋರಿಸಲ್ಲ. ಹತ್ತು ಜನಕ್ಕೆ ಕಳಿಸಿ."

ರಾತ್ರಿ ಹಾರಿದ ವಿಮಾನದ ಫೋಟೋದಲ್ಲಿ ಮಟಮಟ ಮಧ್ಯಾಹ್ನದ ಬಿಸಿಲಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಕೆಳಗೆ ಚಿಕ್ಕಪ್ಪ ತಾವೇ ಸೇರಿಸಿದ್ದ ಸಾಲನ್ನು: "ಇಲ್ಲಿ ಫ್ಯಾಕ್ಟರಿ ಗೀಕ್ಟರಿ ಏನೂ ಬರಲ್ಲ ಅಂದೋರು ಈಗ ಎಲ್ಲಿದ್ದೀರಿ?"

ಆ 'ಅಂದೋರು' ನಮ್ಮ ದೊಡ್ಡಪ್ಪ ಅಂತ ಗ್ರೂಪಿನ ಚಿಕ್ಕ ಮಕ್ಕಳಿಗೂ ಗೊತ್ತು.

ಮೊದಲು ಬಂದವರು ತಿಪಟೂರಿನ ಭಾವ. ಅವರು ಯಾವುದಕ್ಕೂ ಮೊದಲು ಕೇಳೋದು ಒಂದೇ. "ಮಾವ, ಸೋರ್ಸ್ ಎಲ್ಲಿ?" ಎರಡು ನಿಮಿಷ ಬಿಟ್ಟು, "ಇದು ಎಐ ಫೋಟೋ. ರೆಕ್ಕೆ ತಿರುಗಾಮುರುಗಾ ಇದೆ, ಅಷ್ಟೂ ಕಾಣಲ್ವಾ?"

"ನಿಮ್ಮ ಕೈಲಿ ಕ್ಯಾಲ್ಕುಲೇಟರ್ ಇದ್ರೆ ಸಾಕು, ನೀವೇ ವಿಜ್ಞಾನಿ" ಅಂದರು ಚಿಕ್ಕಪ್ಪ. ಭಾವ ಬ್ಯಾಂಕಿನಲ್ಲಿದ್ದಾರೆ.

ನನಗೆ ಸುಮ್ನಿರಲು ಆಗಲಿಲ್ಲ. ಚಿಕ್ಕಂದಿನಿಂದ ವಿಮಾನದ ಹುಚ್ಚು. "ಭಾವ, ಫೋಟೋ ನಿಜ. ಚಿಕ್ಕಪ್ಪ, ಒಕ್ಕಣೆ ಸುಳ್ಳು" ಅಂತ ಶುರುಮಾಡಿ ಉದ್ದಕ್ಕೆ ಬರೆದೆ. ಇದು ಅಮೆರಿಕದ ಗ್ರಮ್ಮನ್ ಕಂಪನಿಯ ಎಕ್ಸ್-29. ಪರೀಕ್ಷೆಗೆಂದೇ ಮಾಡಿದ್ದು ಎರಡೇ ವಿಮಾನ. ಮೊದಲ ಹಾರಾಟ 1984ರ ಡಿಸೆಂಬರ್ 14ರಂದು, ಕ್ಯಾಲಿಫೋರ್ನಿಯಾದಲ್ಲಿ. ಇಂಥದ್ದೇ ರೆಕ್ಕೆಯ ರಷ್ಯಾದ ಸುಖೋಯ್-47 ಒಂದಿದೆ, ಅದಕ್ಕೆ ನೆಟ್ಟಗೆ ನಿಂತ ಬಾಲ ಎರಡು, ಎಂಜಿನ್ನೂ ಎರಡು. ಈ ಫೋಟೋದಲ್ಲಿ ಎರಡೂ ಒಂದೊಂದೇ ಇವೆ. ಮತ್ತೆ ಕೆಳಗಿನ ನೆಲ ನೋಡಿ, ಬೋಳು ಮರುಭೂಮಿ. ಗುಬ್ಬಿ ತಾಲ್ಲೂಕಿನಲ್ಲಿ ಒಂದೂ ತೆಂಗಿನ ಮರ ಕಾಣದ ಹಾಗೆ ಫೋಟೋ ತೆಗೆಯೋದು ಸಾಧ್ಯವಾ?

ರೆಕ್ಕೆ ಯಾಕೆ ಹಾಗೆ ಅಂತಲೂ ಬರೆದೆ. ರೆಕ್ಕೆ ಹಿಂದಕ್ಕೆ ಬಾಗಿದ್ದರೆ ಗಾಳಿ ತುದಿಯ ಕಡೆಗೆ ಸರಿಯುತ್ತದೆ. ಮೂಗು ತುಂಬಾ ಮೇಲೆತ್ತಿದಾಗ ಮೊದಲು ತುದಿಯೇ ಕೈಕೊಡುತ್ತದೆ. ವಿಮಾನವನ್ನು ಆ ಕಡೆ ಈ ಕಡೆ ವಾಲಿಸುವ ಪಟ್ಟಿಗಳು ಇರೋದೂ ಅಲ್ಲೇ. ಮುಂದಕ್ಕೆ ಚಾಚಿದರೆ ಗಾಳಿ ಬುಡದ ಕಡೆ ಬರುತ್ತದೆ, ತುದಿ ಹಿಡಿತದಲ್ಲಿರುತ್ತದೆ. ತೊಂದರೆ ಏನಂದ್ರೆ, ವೇಗ ಜಾಸ್ತಿಯಾದರೆ ಅಂಥ ರೆಕ್ಕೆ ಎದುರುಗಾಳಿಗೆ ಸಿಕ್ಕ ಕೊಡೆಯ ಹಾಗೆ ತಿರುಚಿಕೊಂಡು ಮುರಿಯಬಹುದು. ಅದಕ್ಕೇ ಕಾರ್ಬನ್ ನಾರಿನ ಪದರಗಳನ್ನು ಲೆಕ್ಕ ಹಾಕಿ ಓರೆಯಾಗಿ ಕೂಡಿಸಿ, ತಿರುಚದ ಹಾಗೆ ಮಾಡಿದರು. ಆದರೂ ವಿಮಾನ ತಾನಾಗಿ ಸ್ಥಿರವಾಗಿರುತ್ತಿರಲಿಲ್ಲ. ಕಂಪ್ಯೂಟರ್ ಒಂದು ಸೆಕೆಂಡಿಗೆ 40 ಸಲ ತಿದ್ದುತ್ತಿತ್ತು.

ಕೊನೆಗೆ ಗುಬ್ಬಿಯ ವಿಷಯ. ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಇರೋದು ಹೆಲಿಕಾಪ್ಟರ್ ಕಾರ್ಖಾನೆ. ಶಂಕುಸ್ಥಾಪನೆ 2016ರ ಜನವರಿ, ಉದ್ಘಾಟನೆ 2023ರ ಫೆಬ್ರವರಿ 6. ವಿಚಿತ್ರ ವಿಮಾನವೇ ಬೇಕು ಅಂದ್ರೆ ಪಕ್ಕದ ಚಿತ್ರದುರ್ಗ ಜಿಲ್ಲೆಗೆ ಹೋಗಿ. ಡಿಆರ್‌ಡಿಒದವರು ಬಾಲವೇ ಇಲ್ಲದ, ಪೈಲಟ್ಟೂ ಇಲ್ಲದ ವಿಮಾನವನ್ನು 2022ರ ಜುಲೈ 1ರಂದು ಹಾರಿಸಿದ್ದು ಅಲ್ಲಿಂದಲೇ.

ಇಷ್ಟುದ್ದ ಬರೆದಿದ್ದಕ್ಕೆ ಬಂದ ಮೊದಲ ಉತ್ತರ ಅತ್ತೆಯದು. ಗುಲಾಬಿ ಹೂ, ಶುಭೋದಯ.

ಎರಡನೆಯದು ದೊಡ್ಡಪ್ಪನದು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ಬೆಳಗ್ಗೆ ಎದ್ದು ದೇವರ ಫೋಟೋ ಹಾಕಿ. ಸುಳ್ಳು ಸುದ್ದಿ ಹರಡೋದು ಪಾಪ." ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠ ಅಂತ ಘೋಷಿಸಿದೆ ಎಂಬ ಹಳಸಲು ಸುಳ್ಳನ್ನು ಪ್ರತಿ ಆಗಸ್ಟ್ 15ಕ್ಕೆ ತಪ್ಪದೆ ಕಳಿಸೋರು ಇವರೇ.

ಭಾವ ಅದನ್ನು ಹುಡುಕಿ ತೆಗೆದು ಸ್ಕ್ರೀನ್‌ಶಾಟ್ ಹಾಕಿದರು. ನಾನು ಫೋಟೋ ನಿಜ ಅಂದಿದ್ದಕ್ಕೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಸೋರ್ಸ್ ಕೇಳೋರಿಗೆ ಸೋರ್ಸ್ ಸಿಕ್ಕಿದರೆ ಬೇಜಾರಾಗುತ್ತದೋ ಏನೋ.

ಅಷ್ಟರಲ್ಲಿ ಮಧುಗಿರಿಯಿಂದ ಅತ್ತೆ ಮಗ. "ವಿಮಾನ ಅಂದ್ರೆ ನೆನಪಾಯ್ತು ಕಣ್ರೋ. ಯಲಹಂಕದ ಏರ್ ಶೋಗೆ ಮೆಟಾಡೋರ್ ಮಾಡ್ಕೊಂಡು ಹೋಗಿದ್ವಲ್ಲ! ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಆ ಚಟ್ನಿ ಈಗೆಲ್ಲಿ?"

ಗ್ರೂಪಿಗೆ ಜೀವ ಬಂತು. ಎಕ್ಸ್-29ಕ್ಕೆ ಬಾಯಿ ಬಿಡದವರೆಲ್ಲ ಇಡ್ಲಿಗೆ ಬಂದರು. ತಿಂದಿದ್ದು ಹೋಗುವಾಗಲೋ ಬರುವಾಗಲೋ? ಮೆಟಾಡೋರ್ ಕೆಟ್ಟಿದ್ದು ದಾಬಸ್‌ಪೇಟೆಯಲ್ಲೋ ನೆಲಮಂಗಲದಲ್ಲೋ? ವಾಂತಿ ಮಾಡಿಕೊಂಡಿದ್ದು ಯಾರು? (ನಾನಲ್ಲ.)

"ಅಷ್ಟೂ ಜನದ ಇಡ್ಲಿ ದುಡ್ಡು ಕೊಟ್ಟಿದ್ದು ನಾನು" ಅಂದರು ದೊಡ್ಡಪ್ಪ. ಅನ್ನಬಾರದಿತ್ತು.

ಚಿಕ್ಕಪ್ಪ 'ಟೈಪಿಂಗ್' ಅಂತ ತುಂಬಾ ಹೊತ್ತು ತೋರಿಸಿತು. "ಇಡ್ಲಿ ದುಡ್ಡು ಕೊಟ್ರಿ ಅಣ್ಣ. ಹೊಲದ ದುಡ್ಡಲ್ಲಿ ಮುರ್ಕೊಂಡ್ರಿ. ನಿಟ್ಟೂರಿನ ಎರಡು ಎಕರೆ ಖುಷ್ಕಿ ಬಂದಷ್ಟಕ್ಕೆ ಕೊಟ್ಟುಬಿಡು, ಫ್ಯಾಕ್ಟರಿ ಬರೋದೆಲ್ಲ ಗಾಳಿಸುದ್ದಿ ಅಂದಿದ್ದು ಯಾರು? ಮಾರಿದ ಮಾರನೇ ವರ್ಷ ಶಂಕುಸ್ಥಾಪನೆ ಆಯ್ತು."

"ಆಗ ನಿನ್ನ ಮಗಳ ಮದುವೆಗೆ ದುಡ್ಡು ಬೇಕು ಅಂತ ಅತ್ತಿದ್ದು ಯಾರೋ?"

ಚಿಕ್ಕಪ್ಪ ಗ್ರೂಪಿನಿಂದ ಹೊರಗೆ ಹೋದರು. ಅತ್ತೆ ಅಡ್ಮಿನ್. ಹತ್ತು ನಿಮಿಷ ಬಿಟ್ಟು ಮತ್ತೆ ಸೇರಿಸಿದರು. ಆ ಹತ್ತು ನಿಮಿಷದಲ್ಲಿ ಭಾವ ನನಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿದರು: "ಆ ಸುಖೋಯ್ ಫೋಟೋ ಇದ್ರೆ ಕಳಿಸೋ. ಆಫೀಸ್ ಗ್ರೂಪಿಗೆ ಹಾಕ್ತೀನಿ."

ಸಂಜೆ ಅತ್ತೆ ಕೇಳಿದರು, "ಭಾನುವಾರದ ನಾಮಕರಣಕ್ಕೆ ಯಾರ್ಯಾರು ಬರ್ತೀರಿ? ಅಡುಗೆಯವರಿಗೆ ಹೇಳ್ಬೇಕು."

ಮೊದಲು ಕೈ ಎತ್ತಿದ್ದು ಚಿಕ್ಕಪ್ಪ. "ನಾವು ನಾಲ್ಕು ಜನ. ಹಳೇ ಪಹಣಿನೂ ತರ್ತೀನಿ, ದೊಡ್ಡಣ್ಣಂಗೆ ಕನ್ನಡಕ ಮರೀಬೇಡ ಅಂತ ಹೇಳಿ."