ಕೇಳಿ, ವಕೀಲರು ಹೇಳ್ತಾರೆ: ಮೂರು ಸಿಂಹ ಯಾರ ಕಾರ್ಡಿಗೆ? (ಮುದ್ರಣದವರ ಗುಂಪು)

ಲೆಟರ್‌ಪ್ರೆಸ್: ಸರ್, ಮಾಜಿ ಶಾಸಕರೊಬ್ಬರಿಗೆ ಲೆಟರ್‌ಹೆಡ್ ಬೇಕು. ಹಳೇದರಲ್ಲಿ ಸಿಂಹ ಇದೆ, ಹಾಗೇ ಹಾಕಿ ಅಂತಾರೆ.

ವಕೀಲರು: ಹಾಕಬೇಡಿ. ರಾಷ್ಟ್ರ ಲಾಂಛನದ ಬಳಕೆ ಬಗ್ಗೆ ಇರುವ 2007ರ ನಿಯಮಗಳಲ್ಲಿ 10ನೆಯದು ನೋಡಿ. ಮಾಜಿ ಮಂತ್ರಿ, ಮಾಜಿ ಶಾಸಕ, ಮಾಜಿ ನ್ಯಾಯಾಧೀಶ, ನಿವೃತ್ತ ಅಧಿಕಾರಿ ಎಲ್ಲರನ್ನೂ ಹೆಸರಿಸಿ ಕೂಡದು ಎಂದಿದೆ. ಹುದ್ದೆಯ ಜೊತೆ ಲಾಂಛನವೂ ಹೋಯಿತು.

ಡಿಟಿಪಿ ಹುಡುಗ: ಹಾಲಿ ಶಾಸಕರು, ವಕೀಲರೂ ಹೌದು. ಎರಡೂ ಒಂದೇ ಕಾರ್ಡಿನಲ್ಲಿ?

ವಕೀಲರು: ಲಾಂಛನ ಇದ್ದರೆ ಹೆಸರಿನ ಜೊತೆ ಅಡ್ವೊಕೇಟ್, ಸಂಪಾದಕ, ಚಾರ್ಟರ್ಡ್ ಅಕೌಂಟೆಂಟ್ ಅಂತೆಲ್ಲ ಬರಬಾರದು. ಎರಡು ಬೇರೆ ಕಾರ್ಡ್ ಮಾಡಿ.

ಆಫ್‌ಸೆಟ್ ಅಣ್ಣ: ಮಾನವ ಹಕ್ಕುಗಳ ಹೆಸರಿನ ಖಾಸಗಿ ಸಂಘದ್ದು 300 ಐಡಿ ಕಾರ್ಡ್, 50 ಕಾರ್ ಸ್ಟಿಕರ್. ಮೇಲೆ ಕೆಂಪು ಪಟ್ಟಿ, ನಡುವೆ ಸಿಂಹ, ಕೆಳಗೆ ‘ಭಾರತ ಸರ್ಕಾರದಿಂದ ನೋಂದಾಯಿತ’. ಟ್ರಸ್ಟ್ ಪತ್ರ, ದರ್ಪಣ್ ನಂಬರ್ ಎರಡೂ ತೋರಿಸಿದ್ದಾರೆ.

ವಕೀಲರು: ಇದನ್ನು ಮುಟ್ಟಲೇಬೇಡಿ. ಟ್ರಸ್ಟ್ ಪತ್ರ ಸಂಘ ಇದೆ ಅನ್ನೋದಕ್ಕೆ ಸಾಕ್ಷಿ. ದರ್ಪಣ್ ನಂಬರ್ ನೀತಿ ಆಯೋಗದ ಪೋರ್ಟಲ್ ಕೊಡುವ ಸಂಸ್ಥೆಯ ಗುರುತಿನ ಸಂಖ್ಯೆ. ಎರಡರಿಂದಲೂ ಲಾಂಛನದ ಹಕ್ಕು ಹುಟ್ಟೋದಿಲ್ಲ. ಲಾಂಛನದ ದುರ್ಬಳಕೆ ತಡೆಯುವ 2005ರ ಕಾಯ್ದೆಯ 3ನೇ ಕಲಂ ನೋಡುವುದು ಒಂದೇ: ಕಾರ್ಡ್ ಹಿಡಿದವನು ಸರ್ಕಾರದ ಕಡೆಯವನು ಎಂಬ ಭಾವನೆ ಬರುತ್ತದೆಯೇ? ನೀವು ಬರೆದಿರುವ ವಿನ್ಯಾಸವೇ ಆ ಭಾವನೆ ಬರಲಿ ಅಂತ ಮಾಡಿದ್ದು. ಶಿಕ್ಷೆ 2 ವರ್ಷದವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ವ್ಯಾಪಾರಕ್ಕೆ ಬಳಸಿ ಅಕ್ರಮ ಲಾಭ ಮಾಡಿದರೆ (4ನೇ ಕಲಂ) ಕನಿಷ್ಠ 6 ತಿಂಗಳು ಸೆರೆ. ಕಾರ್ಡ್ ತೋರಿಸಿ ಯಾರಾದರೂ ವಸೂಲಿಗೆ ಇಳಿದರೆ ಪೊಲೀಸರು ಮೊದಲು ಕೇಳೋದು ‘ಅಚ್ಚು ಹಾಕಿದ್ದು ಎಲ್ಲಿ’ ಅಂತ. ಕೇಂದ್ರ ಸರ್ಕಾರದ ಅನುಮತಿ ಪತ್ರ ಬರಹದಲ್ಲಿ ಕೇಳಿ. ಕೊಡದಿದ್ದರೆ ಮುಂಗಡ ವಾಪಸ್ ಕೊಡಿ, ಫೈಲನ್ನೂ ಅವರಿಗೆ ಕಳಿಸಬೇಡಿ.

ಫ್ಲೆಕ್ಸ್ ಪ್ರಿಂಟ್: ಫಾರ್ವರ್ಡ್ ಬಂದಿದೆ. ‘ಸತ್ಯಮೇವ ಜಯತೇ’ ತೆಗೆದರೆ ಅದು ಲಾಂಛನವೇ ಅಲ್ಲವಂತೆ, ಕೇಸ್ ಆಗಲ್ಲವಂತೆ.

ವಕೀಲರು: ಅರ್ಧ ಓದಿದವರು ಬರೆದದ್ದು. ದೇವನಾಗರಿಯ ಆ ಸಾಲು ಲಾಂಛನದ ಭಾಗ, ನಿಜ. ಆದರೆ ಕಲಂನಲ್ಲಿ ‘ಅದನ್ನು ಹೋಲುವ ನಕಲು’ ಕೂಡ ಇದೆ. ಸಾಲು ಅಳಿಸಿ, ನೀಲಿ ಬಳಿಯಿರಿ, ವಾಟರ್‌ಮಾರ್ಕ್ ಮಾಡಿ, ಸಿಂಹ ಸಿಂಹವೇ. ಇಂಥವನ್ನು ಇಲ್ಲಿ ಹಾಕಬೇಡಿ.

ಲೆಟರ್‌ಪ್ರೆಸ್: ಗಂಡಭೇರುಂಡಕ್ಕೂ ಇದೇ ಕಾಯ್ದೆಯಾ ಸರ್?

ಡಿಟಿಪಿ ಹುಡುಗ: ಹೊಸ ಸಂಸತ್ ಭವನದ ಸಿಂಹಕ್ಕೆ ಹಲ್ಲು ಕಾಣ್ತವಲ್ಲ, ಅದು ನಕಲಲ್ಲವಾ?

ಇತಿಹಾಸ ಮೇಷ್ಟ್ರು: ಸಾರನಾಥದ ಮೂಲವೂ ಬಾಯಿ ತೆರೆದೇ ಇದೆ. ಅದು ಸುಮಾರು 2.1 ಮೀಟರ್, ಇದು 6.5 ಮೀಟರ್ ಕಂಚು. ಕೆಳಗಿನಿಂದ ನೋಡಿದರೆ ದವಡೆ ಎದ್ದು ಕಾಣುತ್ತೆ.

ಡಿಟಿಪಿ ಹುಡುಗ: ಮೂಲದ ಮುಖದಲ್ಲಿ ಶಾಂತಿ ಇದೆ. ಇದರಲ್ಲಿ ಇಲ್ಲ.

ಇತಿಹಾಸ ಮೇಷ್ಟ್ರು: ಹೊಸ ಸಿಂಹ ಸರಿಯಿಲ್ಲ ಅಂತ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2022ರಲ್ಲೇ ವಜಾ ಮಾಡಿದೆ. ಮೂಲ, ಮೂಲ ಅಂತೀಯಲ್ಲ, ಮೂಲದಲ್ಲಿ ಸಿಂಹಗಳ ತಲೆ ಮೇಲೆ 32 ಅರಗಳ ಚಕ್ರ ಇತ್ತು, ಪೀಠದ ಕೆಳಗೆ ಕಮಲ ಇತ್ತು. ಲಾಂಛನದಲ್ಲಿ ಎರಡೂ ಇಲ್ಲ. ಅದಕ್ಕೇನಂತೀಯ?

ಡಿಟಿಪಿ ಹುಡುಗ: ಪಾಠ ಬೇಡ ಮೇಷ್ಟ್ರೇ.

ಫ್ಲೆಕ್ಸ್ ಪ್ರಿಂಟ್: ಇಬ್ಬರೂ ಪರ್ಸನಲ್ ಆಗಿ ಜಗಳ ಆಡ್ಕೊಳ್ಳಿ.

ಮೊಹರು ಅಂಗಡಿ: ರಬ್ಬರ್ ಮೊಹರಿನ ಛಾಪಿನಲ್ಲಿ ಗೂಳಿ ಎಡಕ್ಕೆ ಬರ್ತಿದೆ. ಅಕ್ಷರ ಸರಿ ಇದೆ.

ವಕೀಲರು: ನೋಡುವವರ ಬಲಕ್ಕೆ ಗೂಳಿ, ಎಡಕ್ಕೆ ಓಡುವ ಕುದುರೆ, ನಡುವೆ ಚಕ್ರ. ಅಕ್ಷರ ಸರಿ ಬಂದು ಚಿತ್ರ ತಿರುಗಿದೆ ಅಂದರೆ ಧ್ಯೇಯವಾಕ್ಯವನ್ನು ಬೇರೆ ಟೈಪ್ ಮಾಡಿ ಅಂಟಿಸಿದ್ದೀರಿ. ಚಿತ್ರ, ಸಾಲು ಗ್ರೂಪ್ ಮಾಡಿ, ಕೊನೆಗೆ ಇಡೀ ಮೊಹರನ್ನು ಒಂದೇ ಸಲ ಮಿರರ್ ಮಾಡಿ. ಕಾಯ್ದೆಯ ಅನುಬಂಧ 1ರ ಸರಳ ರೇಖಾಚಿತ್ರ ಬಳಸಿ, ಚಿಕ್ಕ ಅಳತೆಗೆ ಕೊಟ್ಟಿರೋದು ಅದೇ. ಅನುಬಂಧ 2ರದ್ದು ದೊಡ್ಡ ಅಳತೆಗೆ. ಮೊಹರಿಗೆ ಇಳಿಸಿದರೆ ಕೇಸರದ ಗೆರೆಗಳಲ್ಲಿ ಮಸಿ ಮೆತ್ತಿಕೊಂಡು ಮುಖ ಕಪ್ಪು ಮುದ್ದೆ ಆಗುತ್ತೆ.

ಲೆಟರ್‌ಪ್ರೆಸ್: ಗಂಡಭೇರುಂಡದ್ದು ಕೇಳಿದ್ದೆ.

ಜೆರಾಕ್ಸ್ ಸೆಂಟರ್: ನಿವೃತ್ತ ಅಧಿಕಾರಿ ಕಾರ್ಡಿಗೆ ಸಿಂಹ ಹಾಕಬಹುದಾ?

ವಕೀಲರು: ಮೊದಲ ಉತ್ತರ ಓದಿ.

ಜೆರಾಕ್ಸ್ ಸೆಂಟರ್: ಚಿಕ್ಕದಾಗಿ, ಮೂಲೆಯಲ್ಲಿ?

ವಕೀಲರು: ಇಲ್ಲ.

ಮೊಹರು ಅಂಗಡಿ: ಗೂಳಿ ಬಲಕ್ಕೆ ಬಂತು ಸರ್, ಥ್ಯಾಂಕ್ಸ್.

ವಕೀಲರು: ಮೊಹರು ಯಾವ ಕಚೇರಿಗೆ?

ಮೊಹರು ಅಂಗಡಿ: ಗೃಹ ನಿರ್ಮಾಣ ಸಹಕಾರ ಸಂಘಕ್ಕೆ.

ವಕೀಲರು: ಹಾಗಾದರೆ ಗೂಳಿ ಯಾವ ಕಡೆ ಇದ್ದರೇನು. ಮಾಡಿದ್ದನ್ನು ಕತ್ತರಿಸಿ ಹಾಕಿ.