ಪದಚರ್ಚೆ: ಆಲ್‌ದೋ ಬಂದಮೇಲೆ ಬಟ್ ಯಾಕೆ ಬೇಡ?

ಹಿರಿಯೂರಿನ ಮೇಡಂ ಅವರಿಗೂ ಗುಂಪಿನ ಉಳಿದೆಲ್ಲರಿಗೂ ನಮಸ್ಕಾರ.

ಕಾಲೇಜು ಸಂಚಿಕೆಗೆಂದು ನಿಮ್ಮ ವಿದ್ಯಾರ್ಥಿನಿ ವಾಣಿವಿಲಾಸ ಸಾಗರ ಅಣೆಕಟ್ಟೆಯ ಬಗ್ಗೆ ಬರೆದ ಇಂಗ್ಲಿಷ್ ಪುಟ ಓದಿದೆ. ತಿದ್ದಿದವರು "ಬಟ್" ಸುತ್ತ ಕೆಂಪು ಗೆರೆ ಎಳೆದು ಸುಮ್ಮನಾಗಿದ್ದಾರೆ, ಕಾರಣ ಬರೆದಿಲ್ಲ. ಹುಡುಗಿ "ಎರಡೂ ಹಾಕಿದರೆ ಅರ್ಥ ಇನ್ನೂ ಗಟ್ಟಿಯಾಗಲ್ವಾ?" ಅಂತ ಕೇಳಿದ್ದು ನ್ಯಾಯವಾಗಿಯೇ ಇದೆ. ಗೆರೆ ಬಿದ್ದ ವಾಕ್ಯ ಇದು:

"ಆಲ್‌ದೋ ದ ಡ್ಯಾಮ್ ಈಸ್ ಮೋರ್ ದ್ಯಾನ್ ಎ ಹಂಡ್ರೆಡ್ ಇಯರ್ಸ್ ಓಲ್ಡ್, ಬಟ್ ಇಟ್ ಈಸ್ ಸ್ಟಿಲ್ ಸ್ಟ್ರಾಂಗ್."

ಇಂಥದ್ದಕ್ಕೆ "ಕನ್ನಡದ ಪ್ರಭಾವ" ಅಂದುಬಿಡುವುದು ರೂಢಿ. ಕನ್ನಡದಲ್ಲಿ ಹೇಳಿ ನೋಡಿ: "ಅಣೆಕಟ್ಟೆಗೆ ನೂರು ವರ್ಷ ದಾಟಿದ್ದರೂ ಇವತ್ತಿಗೂ ಗಟ್ಟಿಯಾಗಿದೆ." ಇದರಲ್ಲಿ "ಆದರೆ" ಎಲ್ಲೂ ಇಲ್ಲ. "ದಾಟಿದ್ದರೂ ಆದರೆ" ಅಂತ ಹಿರಿಯೂರಿನಲ್ಲಾಗಲಿ ದಾವಣಗೆರೆಯಲ್ಲಾಗಲಿ ಯಾರೂ ಅನ್ನಲ್ಲ. ಹಾಗಾದರೆ ಆ ಬಟ್ ಬಂದದ್ದೆಲ್ಲಿಂದ?

ನನಗೆ ಕಾಣುವುದು ಹೀಗೆ. ನಮ್ಮ "-ರೂ" ಮೊದಲ ಮಾತಿನ ಕೊನೆಗೆ, ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಎರಡು ಮಾತು ಸೇರುವ ಸಂದಿಯಲ್ಲೇ ಅದು ಕೂತಿರುತ್ತದೆ. ಇಂಗ್ಲಿಷಿನ ಆಲ್‌ದೋ ಮೊದಲ ಮಾತಿನ ತಲೆಯಲ್ಲಿ ಕೂರುತ್ತದೆ. ಸಂದಿಯಲ್ಲಿ ಉಳಿಯುವುದು ಬರೀ ಒಂದು ಕಾಮಾ. ಕನ್ನಡದ ಕಿವಿಗೆ ಆ ಜಾಗ ಖಾಲಿ ಹೊಡೆಯುತ್ತದೆ. "ಓಲ್ಡ್" ಅಂದು ಮುಗಿಸಿದ ಕೂಡಲೇ ಏನೋ ಬಿಟ್ಟುಹೋಯಿತು ಅನ್ನಿಸಿ ಕೈ ತಾನಾಗಿ ಬಟ್ ಬರೆಯುತ್ತದೆ. ಆಕೆಗೆ ಇಷ್ಟು ಹೇಳಿದರೆ ಸಾಕು: ಎರಡು ಮಾತಿನ ನಡುವೆ ಇಂಗ್ಲಿಷ್ ಕೇಳುವುದು ಒಂದೇ ಕೀಲು. ಆಲ್‌ದೋ ಇಟ್ಟರೆ ಬಟ್ ತೆಗೆಯಬೇಕು, ಬಟ್ ಇಟ್ಟರೆ ಆಲ್‌ದೋ ತೆಗೆಯಬೇಕು.

ಯಾರಾದರೂ ಹಳೇ ವ್ಯಾಕರಣ ಪುಸ್ತಕ ತಂದು "ದೋ ಜೊತೆಗೆ ಯೆಟ್ ಇದೆಯಲ್ಲ" ಅನ್ನುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು, ದೋ-ಯೆಟ್ ಜೋಡಿ ಇದೆ, 1611ರ ಇಂಗ್ಲಿಷ್ ಬೈಬಲ್ಲಿನಲ್ಲೂ ಸಿಗುತ್ತದೆ. ಅದು ತಪ್ಪಲ್ಲ, ಇವತ್ತಿನ ಬರವಣಿಗೆಯಲ್ಲಿ ಹಳೇ ಕಾಲದ್ದಾಗಿ ಕೇಳಿಸುತ್ತದೆ, ಅಷ್ಟೇ. ಬಟ್‌ಗೆ ಆ ಸಲಿಗೆ ಇಲ್ಲ.

ಎರಡನೇ ತೊಡಕಿಗೆ ನಮ್ಮ ಶಾಲೆಯ ಪದಕೋಶಗಳೇ ಹೊಣೆ ಅನ್ನುವುದು ನನ್ನ ಅಭಿಪ್ರಾಯ. ಆಲ್‌ದೋ ಅಂದರೆ ಆದರೂ, ಹೌಎವರ್ ಅಂದರೆ ಆದರೂ, ಯೆಟ್ ಅಂದರೆ ಆದರೂ, ನೆವರ್‌ದಲೆಸ್ ಅಂದರೂ ಆದರೂ! "ಆದರೂ" ಒಂಟಿಯಾಗಿ ನಿಲ್ಲಬಲ್ಲ ಪದ. ಹಿಂದಿನ ವಾಕ್ಯ ಮುಗಿದಮೇಲೆ ಹೊಸ ವಾಕ್ಯದ ತಲೆಗೆ ಬರುತ್ತದೆ: "ಮಳೆ ಬಂತು. ಆದರೂ ಕೆರೆ ತುಂಬಲಿಲ್ಲ." ಇದೇ ಧಾಟಿ ಹಿಡಿದು ನಿಮ್ಮ ಹುಡುಗಿ ಮೂರನೇ ಪ್ಯಾರಾದಲ್ಲಿ "ಆಲ್‌ದೋ, ಮೆನಿ ಪೀಪಲ್ ವಿಸಿಟ್ ಆನ್ ಸಂಡೇಸ್." ಅಂತ ಬರೆದು ಫುಲ್‌ಸ್ಟಾಪ್ ಇಟ್ಟಿದ್ದಾಳೆ. ಕೆಂಪು ಪೆನ್ನಿಗೆ ಇದು ಕಂಡೇ ಇಲ್ಲ, ಬಟ್‌ಗಿಂತ ದೊಡ್ಡ ತಪ್ಪು ಇದು. ಆಲ್‌ದೋ ಅಂತ ಶುರು ಮಾಡಿದರೆ "ಜನ ಬರುತ್ತಿದ್ದರೂ..." ಅಂದಂತೆ, ಕೇಳುವವನು ಮುಂದೇನು ಅಂತ ಕಾಯುತ್ತಿರುತ್ತಾನೆ. ಅಲ್ಲಿ ಬೇಕಿದ್ದದ್ದು ಹೌಎವರ್.

ಹಾಗಾಗಿ ಆಲ್‌ದೋಗೆ "ಆದರೂ" ಅಂತ ಅರ್ಥ ಬರೆಸಲೇಬೇಡಿ. "-ರೂ" ಅಂತ ಬರೆಸಿ, ಬರೀ ಬಾಲ. ಹೌಎವರ್‌ಗೆ "ಆದರೂ" ಬಿಟ್ಟುಕೊಡಿ. ಒಂದು ಅಂಟುವಂಥದ್ದು, ಇನ್ನೊಂದು ಬಿಡಿಯಾಗಿ ನಿಲ್ಲುವಂಥದ್ದು ಅಂತ ಕನ್ನಡದ ಮೂಲಕವೇ ಮನಸ್ಸಿಗೆ ಕೂರುತ್ತದೆ.

ಬಿಡಿಯಾಗಿ ನಿಲ್ಲುವುದರಿಂದಲೇ ಹೌಎವರ್ ಹಿಂದೆ ಬರೀ ಕಾಮಾ ಸಾಲದು. ವಾಣಿವಿಲಾಸ ಸಾಗರದ ನೀರನ್ನೇ ತೆಗೆದುಕೊಳ್ಳಿ. ಅಲ್ಲಿ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. "ದ ಡ್ಯಾಮ್ ಓವರ್‌ಫ್ಲೋಡ್ ಇನ್ 1933, ಹೌಎವರ್ ಇಟ್ ಡಿಡ್ ನಾಟ್ ಓವರ್‌ಫ್ಲೋ ಅಗೇನ್ ಅಂಟಿಲ್ 2022" ಅಂತ ಬರೆದರೆ ತಪ್ಪು. ಹೌಎವರ್ ಹಿಂದೆ ಸೆಮಿಕೋಲನ್ ಇಲ್ಲವೇ ಫುಲ್‌ಸ್ಟಾಪ್, ಮುಂದೆ ಕಾಮಾ. ಅದು ಬೇಡವೆಂದರೆ ಹೌಎವರ್ ಜಾಗಕ್ಕೆ ಬಟ್ ಹಾಕಿ, ಕಾಮಾ ಒಂದೇ ಸಾಕಾಗುತ್ತದೆ. ನನ್ನನ್ನು ಕೇಳಿದರೆ ಬಟ್ ಅನ್ನೇ ಹಾಕಿ ಅನ್ನುತ್ತೇನೆ. ಬಟ್‌ನಿಂದ ವಾಕ್ಯ ಶುರು ಮಾಡಬಾರದು ಅಂತ ನಮಗೆಲ್ಲ ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಅದನ್ನೂ ಮರೆತುಬಿಡಿ. ಒಳ್ಳೆಯ ಇಂಗ್ಲಿಷ್ ಪತ್ರಿಕೆಯ ಯಾವ ಪುಟ ತೆಗೆದರೂ ಸಿಗುತ್ತದೆ.

"-ರೂ" ಬಾಲದಲ್ಲೂ ಒಂದು ಮೋಸ ಇದೆ, ಅದನ್ನು ಹೇಳದಿದ್ದರೆ ನನ್ನ ಸಲಹೆಯೇ ಕೈಕೊಡುತ್ತದೆ. "ಮಳೆ ಬಂದರೂ ಜಾತ್ರೆ ನಡೆಯಿತು." "ಮಳೆ ಬಂದರೂ ಜಾತ್ರೆ ನಡೆಯುತ್ತೆ." ಮೊದಲರ್ಧ ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ಮಳೆ ನಿಜವಾಗಿ ಬಂದಿದೆ. ಎರಡನೆಯದರಲ್ಲಿ ಬಂದರೂ ಬರಬಹುದು, ಬರದೆಯೂ ಇರಬಹುದು. ಬಂತೋ ಇಲ್ಲವೋ ಅನ್ನುವುದನ್ನು ನಾವು ಕೊನೆಯ ಕ್ರಿಯಾಪದ ಕೇಳಿಯೇ ತಿಳಿಯುತ್ತೇವೆ. ಇಂಗ್ಲಿಷ್ ಮೊದಲ ಪದದಲ್ಲೇ ಹೇಳಬೇಕು ಅನ್ನುತ್ತದೆ: ಆಗಿಹೋದದ್ದಕ್ಕೆ, ಇರುವ ಸಂಗತಿಗೆ ಆಲ್‌ದೋ ಅಥವಾ ಈವನ್ ದೋ, ಆದೀತೇನೋ ಅನ್ನುವುದಕ್ಕೆ ಈವನ್ ಇಫ್. "ಈವನ್ ದೋ ಇಟ್ ರೇನ್ಸ್ ಟುಮಾರೋ" ಅಂತ ಬರೆಯುವವರು ನಾಳಿನ ಮಳೆಗೆ ಈಗಲೇ ಸಹಿ ಹಾಕಿಕೊಟ್ಟಂತೆ.

ಡಿಸ್ಪೈಟ್ ಬಗ್ಗೆ ಹೆಚ್ಚೇನಿಲ್ಲ. ಅದರ ಮುಂದೆ "ಆಫ್" ಬರುವುದಿಲ್ಲ, ಆಫ್ ಇರುವುದು ಇನ್ ಸ್ಪೈಟ್ ಆಫ್‌ನಲ್ಲಿ ಮಾತ್ರ. ಎರಡಕ್ಕೂ ಮುಂದೆ ನಾಮಪದ ಬೇಕು, ಇಡೀ ವಾಕ್ಯ ಕೂಡದು: "ಡಿಸ್ಪೈಟ್ ದ ರೇನ್" ಸರಿ, "ಡಿಸ್ಪೈಟ್ ಇಟ್ ರೇನ್ಡ್" ಆಗದು.

ಕೊನೆಯ ಪ್ಯಾರಾದಲ್ಲಿ "ದಾವಣಗೆರೆ ಗೆಟ್ಸ್ ಭದ್ರಾ ವಾಟರ್ ಆಲ್‌ದೋ ಚಳ್ಳಕೆರೆ ಡಿಪೆಂಡ್ಸ್ ಆನ್ ರೇನ್" ಅಂತ ಇದೆ. ವ್ಯಾಕರಣ ಸರಿಯೇ, ಅರ್ಥ ಕೆಟ್ಟಿದೆ. ಚಳ್ಳಕೆರೆ ಮಳೆ ನಂಬಿಕೊಂಡಿದ್ದರೂ ದಾವಣಗೆರೆಗೆ ನೀರು ಬರುತ್ತದೆ ಅಂದಂತಾಯಿತು, ಒಂದು ಇನ್ನೊಂದಕ್ಕೆ ಅಡ್ಡಿ ಅನ್ನುವ ಹಾಗೆ. ಅಲ್ಲಿ ಅಡ್ಡಿ ಯಾವುದೂ ಇಲ್ಲ. ಇಲ್ಲಿ ದಾವಣಗೆರೆಯಲ್ಲಿ ನಾಲೆ, ಭತ್ತ. ಅಲ್ಲಿ ಚಳ್ಳಕೆರೆಯಲ್ಲಿ ಮಳೆ ನೋಡಿಕೊಂಡು ಶೇಂಗಾ. ಎರಡನ್ನು ಅಕ್ಕಪಕ್ಕ ಇಟ್ಟು ತೋರಿಸುವುದಕ್ಕೆ ವೇರ್‌ಆಸ್ ಬೇಕು. ವೈಲ್ ಕೂಡ ನಡೆಯುತ್ತದೆ, ಆದರೆ ಅದಕ್ಕೆ "ಆಗುತ್ತಿರುವಾಗ" ಅನ್ನುವ ಅರ್ಥವೂ ಇರುವುದರಿಂದ ಗೊಂದಲ ಆಗುವ ಕಡೆ ಬೇಡ. ನಾನು ಕೋರ್ಟಿನ ಎದುರು ಕೂತು ಕಾಗದಪತ್ರ ತರ್ಜುಮೆ ಮಾಡುವವನು. ಕ್ರಯಪತ್ರದ ಇಂಗ್ಲಿಷಿನಲ್ಲಿ ದಿನಾ ಕಾಣುವ ವೇರ್‌ಆಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿ ಅದು "ಹೀಗಿರುವುದರಿಂದ" ಅಂತ ಪೀಠಿಕೆ ಹಾಕುವ ಪದ. ಅದನ್ನು "ಆದರೆ" ಅಂತ ತರ್ಜುಮೆ ಮಾಡಿದ ಪತ್ರಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಓದಿದರೆ ಮಾರುವವನು ತನ್ನ ಹಕ್ಕಿನ ಮೇಲೆ ತಾನೇ ತಕರಾರು ತೆಗೆದ ಹಾಗಿರುತ್ತದೆ.

ಆನ್ ದ ಕಾಂಟ್ರರಿ ಕೂಡ ಹುಡುಗಿಯ ಆ ದಾವಣಗೆರೆ-ಚಳ್ಳಕೆರೆ ವಾಕ್ಯಕ್ಕೆ ಬರುವುದಿಲ್ಲ. ಅದು ಹಿಂದಿನ ಮಾತನ್ನು ಅಲ್ಲಗಳೆಯುವ ಪದ. "ಡ್ಯಾಮ್ ಶಿಥಿಲ ಆಗಿದೆಯಂತೆ?" ಅಂತ ಯಾರೋ ಕೇಳಿದಾಗ "ಅಯ್ಯೋ ಎಲ್ಲಿಯ ಮಾತು, ಕಲ್ಲಿನ ಹಾಗಿದೆ" ಅನ್ನುತ್ತೀವಲ್ಲ, ಆ "ಎಲ್ಲಿಯ ಮಾತು" ಅನ್ನುವುದೇ ಆನ್ ದ ಕಾಂಟ್ರರಿ. ದಾವಣಗೆರೆ-ಚಳ್ಳಕೆರೆಯಂಥ ಹೋಲಿಕೆಗೆ ಆನ್ ದ ಅದರ್ ಹ್ಯಾಂಡ್ ಅಥವಾ ಇನ್ ಕಾಂಟ್ರಾಸ್ಟ್.

ಈಗ ನನ್ನದೊಂದು ಪ್ರಶ್ನೆ, ಮುಖ್ಯವಾಗಿ ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ. ವೇರ್‌ಆಸ್‌ಗೆ ಬರಹದಲ್ಲಿ "ಆದರೋ" ಚೆನ್ನಾಗಿ ಒಪ್ಪುತ್ತದೆ: "ಇಲ್ಲಿ ಭತ್ತ, ಅಲ್ಲಿಯಾದರೋ ಶೇಂಗಾ." ನಮ್ಮ ಬೀದಿಯಲ್ಲಿ ಈ "ಆದರೋ" ಮಾತಿನಲ್ಲಿ ಕಿವಿಗೆ ಬೀಳುವುದಿಲ್ಲ, "ಅಲ್ಲೇನಪ್ಪ ಅಂದ್ರೆ" ಅನ್ನುತ್ತಾರೆ. ನಿಮ್ಮ ಕಡೆ ಹಿರಿಯರ ಮಾತಿನಲ್ಲಿ "ಆದರೋ" ಇದೆಯಾ, ಇಲ್ಲದಿದ್ದರೆ ಅದರ ಬದಲು ಏನನ್ನುತ್ತಾರೆ? ಒಂದೆರಡು ವಾಕ್ಯ ಆಡಿದ ಹಾಗೆಯೇ ಬರೆದು ಕಳಿಸಿ.