ಬೆಣ್ಣೆತೊರೆಯಲ್ಲಿ ಗಾಳಕ್ಕೆ ಬರೀ ಜಿಲೇಬಿ ಮೀನು ಕಚ್ಚುತ್ತಿದೆ, ಏನು ಹಾಕಲಿ?

ಕಲಬುರಗಿ ಗಾಳ: ಎರಡು ಭಾನುವಾರ ಬೆಣ್ಣೆತೊರೆ ಡ್ಯಾಮಿನ ಹಿನ್ನೀರಿಗೆ ಹೋಗಿದ್ದೆ. ಎರೆಹುಳು ಹಾಕಿದರೆ ಸಿಕ್ಕಿದ್ದೆಲ್ಲ ಅಂಗೈಯಷ್ಟು ಜಿಲೇಬಿ (ತಿಲಾಪಿಯಾ) ಮೀನು, ಹದಿನಾಲ್ಕು. ಮನೆಯಲ್ಲಿ ಹುರಿದು ತಿಂದರು, ಅದು ಬೇರೆ ಮಾತು. ನನಗೆ ರೋಹು, ಕಾಟ್ಲಾ ಬೇಕು. ಪಕ್ಕದಲ್ಲಿ ಕೂತಿದ್ದ ಅಜ್ಜ ಎರಡು ಕೆಜಿ ರೋಹು ಎಳೆದರು. ಏನು ಹಾಕಿದ್ರಿ ಅಂದರೆ ಸುಮ್ನೆ ನಕ್ಕರು!

ಭೀಮಾ ದಂಡೆಯವ: ಎರೆಹುಳು ಬಿಡಿ ಅಣ್ಣ, ಅದು ಜಿಲೇಬಿಗೆ ಹಬ್ಬದೂಟ. ಶೇಂಗಾ ಹಿಂಡಿ ನೆನೆಸಿ, ಗೋಧಿ ಹಿಟ್ಟು ಸೇರಿಸಿ ಗಟ್ಟಿಯಾಗಿ ಕಲಸಿ, ಮೊದಲು ನಾಲ್ಕೈದು ಉಂಡೆ ಒಂದೇ ಜಾಗಕ್ಕೆ ಎಸೆದು ಅರ್ಧ ಗಂಟೆ ಕಾದು ಆಮೇಲೆ ಗಾಳ ಹಾಕಿ. ಕಾಟ್ಲಾ ಮೇಲ್ನೀರಲ್ಲಿ ಮೇಯುತ್ತದೆ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ. ದಾರದಲ್ಲಿ ತೇಲುವ ಬೆಂಡು ಸರಿಸಿ ಗಾಳದ ಆಳ ಬದಲಿಸುತ್ತಾ ಇರಿ. ಕಳೆದ ವಾರ ಯಾದಗಿರಿ ಹತ್ತಿರ ನನಗೆ ಹೀಗೇ ಎರಡು ರೋಹು ಬಂದವು, ಮೂರನೆಯದು ದಾರ ಹರಿದುಕೊಂಡು ಹೋಯಿತು.

ಬೀದರ್ ಹುಡುಗ: ಹಿಟ್ಟು ನೀರಲ್ಲಿ ಬೇಗ ಕರಗುತ್ತೆ, ಅಲ್ವಾ? ಕಾರಂಜಾ ಡ್ಯಾಮಿನಲ್ಲಿ ನನ್ನ ಅರ್ಧ ದಿನ ಹಾಗೇ ಹಾಳಾಯಿತು. ಕಲಸುವಾಗ ಒಂದು ಚೂರು ಹತ್ತಿ ಎಳೆ ಸೇರಿಸಿ, ಕೊಂಡಿಗೆ ಅಂಟಿ ಕೂರುತ್ತದೆ. ಕೆರೆ, ಡ್ಯಾಮ್‌ಗಳಲ್ಲಿ ಮೀನುಗಾರಿಕೆ ಗುತ್ತಿಗೆ ಇರಬಹುದು, ಕೇಳಿಕೊಂಡೇ ಕೂರಿ. ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಮೀನು ಬಂದರೆ ವಾಪಸ್ ಬಿಡಿ.

ಭೀಮಾ ದಂಡೆಯವ: ಕೃಷ್ಣಾ ಕಡೆ ಹೋದರೆ ನೀರಿಗೆ ಕಾಲು ಇಳಿಬಿಡಬೇಡಿ, ಮೊಸಳೆ ಇವೆ.

ಕಲಬುರಗಿ ಗಾಳ: ಹಿಂಡಿ ತಂದಿದ್ದೇನೆ. ವಾಸನೆಗೆ ಮನೆಯವರು ಬೈಯುತ್ತಿದ್ದಾರೆ.